ನಮ್ಮ ಕೇರಿಯ ಕೊನೇ ನಲ್ಲಿ

ನಮ್ಮಪ್ಪ ತಮಟೆ ಬಡಿಯೋನು. ಅವರಪ್ಪನೂ ತಮಟೆ ಬಡಿಯೋನು. ಊರಲ್ಲಿ ಹಬ್ಬವಾದರೆ ತಮಟೆ, ಹೆಣ ಬಿದ್ದರೆ ತಮಟೆ, ಸರ್ಕಾರದವರು ಜನಕ್ಕೆ ಏನಾದರೂ ಹೇಳಬೇಕಾದರೂ ತಮಟೆ. ನಾನು ಚಿಕ್ಕವನಿದ್ದಾಗ ಆಸ್ಪತ್ರೆ ಕಡೆಯಿಂದ ಯಾರಾದರೂ ಬಂದು ಒಂದು ಮಾತು ಹೇಳಿ ಹೋದರೆ ಸಾಕು, ಅಪ್ಪ ಸಂಜೆ ತಮಟೆಯನ್ನು ಬೆಂಕಿಗೆ ಹಿಡಿದು ಬಿಸಿ ಮಾಡಿಕೊಂಡು ಊರೊಳಕ್ಕೆ ಹೊರಡುತ್ತಿದ್ದ. ನಾನು ಅವನ ಹಿಂದೆ ಓಡುತ್ತಿದ್ದೆ.

"ಕೇಳ್ರಪ್ಪೋ ಕೇಳ್ರೀ... ನಾಳೆ ಭಾನುವಾರ ಇಸ್ಕೂಲ್ ತಾವ ಪೋಲಿಯೋ ಹನಿ ಹಾಕ್ತಾರೆ... ಐದು ವರ್ಷದೊಳಗಿನ ಮಕ್ಳುನ್ನೆಲ್ಲ ಕರ್ಕೊಂಡ್ ಬರಬೇಕಂತೆ..."

ಆಗ ನನಗೆ ಅಪ್ಪನೇ ಸರ್ಕಾರ ಅನ್ನಿಸುತ್ತಿತ್ತು. ಗೌಡರ ಬೀದಿಯಲ್ಲಿ ಅಪ್ಪ ಜಗಲಿಯಿಂದ ಎಷ್ಟು ದೂರ ನಿಲ್ಲುತ್ತಾನೆ, ಬಾಯಾರಿದಾಗ ಯಾಕೆ ಯಾರ ಮನೆಯಲ್ಲೂ ನೀರು ಕೇಳುವುದಿಲ್ಲ, ಇವೆಲ್ಲ ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಡಿಗ್ರಿ ಓದಿದ ಮೇಲೆ ಬಿದ್ದವು. ನಮ್ಮ ಮನೆತನದಲ್ಲಿ ಡಿಗ್ರಿ ಓದಿದವನು ನಾನೇ ಮೊದಲು. ಓದು ನನಗೆ ಕೊಟ್ಟ ದೊಡ್ಡ ಸಂಕಟ ಎಂದರೆ ಹಳೆಯದನ್ನೆಲ್ಲ ಇನ್ನೊಂದು ಸಲ ನೋಡಬೇಕಾಗಿ ಬಂದದ್ದು.

ತಾತ ಊರಿನ ತೋಟಿ. ಕೇರಿಯಲ್ಲಿ ಹುಟ್ಟಿದವರು ಯಾರು, ಸತ್ತವರು ಯಾರು ಅಂತ ಪಟೇಲರ ಮನೆಯಂಗಳದಲ್ಲಿ ನಿಂತು ಹೇಳುವುದು ಅವನ ಕೆಲಸ. ಅವರು ಬರೆದುಕೊಂಡರೆ ಅದು ಲೆಕ್ಕ. ಬರೆಯದಿದ್ದರೆ ಇಲ್ಲ. ತೋಟಿ, ತಳವಾರ ಮುಂತಾದ ವಂಶಪಾರಂಪರ್ಯದ ಹುದ್ದೆಗಳನ್ನೆಲ್ಲ 1961ರ ಕಾಯ್ದೆ ರದ್ದು ಮಾಡಿತು. ಹುದ್ದೆ ಕಾಗದದ ಮೇಲಿಂದ ಹೋಯಿತು, ತಮಟೆ ಮಾತ್ರ ಹೆಗಲ ಮೇಲೆ ಉಳಿಯಿತು.

ತಾತ ಒಂದು ಕತೆ ಹೇಳುತ್ತಿದ್ದ. ಕಾಲರಾ ಬಂದ ವರ್ಷದ ಕತೆ. ಅದಕ್ಕೆ ನಮ್ಮ ಕೇರಿಯವರು ಕಾಲರಾ ಅನ್ನುತ್ತಿರಲಿಲ್ಲ, ಮಾರಿ ಅನ್ನುತ್ತಿದ್ದರು. ಸೈಕಲ್ಲಿನಲ್ಲಿ ಇನ್‌ಸ್ಪೆಕ್ಟರು ಬಂದರು. ತಾತ ತಮಟೆ ಬಡಿದು ಸಾರಿದ: "ಬಾವಿಗೆ ಔಸ್ತಿ ಹಾಕ್ತಾರೆ, ನೀರು ಕಾಯಿಸಿ ಕುಡೀರಿ, ಸೂಜಿ ಹಾಕಿಸ್ಕಳಿ." ಊರ ಬಾವಿಗೆ ಪುಡಿ ಬಿತ್ತು. ನೀರು ಕೆಂಪಗಾಯಿತು. ಕೇರಿಯವರು ಆ ಬಾವಿ ಮುಟ್ಟುವಂತಿರಲಿಲ್ಲ. ನಮ್ಮ ನೀರು ಹಳ್ಳದಲ್ಲಿ ಮರಳು ಬಗೆದು ತೋಡಿದ ಒರತೆ. ತಾತ ಕೈಮುಗಿದು ಕೇಳಿದನಂತೆ: "ಸ್ವಾಮಿ, ನಮ್ಮ ಒರತೆಗೂ ಒಂಚೂರು ಹಾಕಿ." ಇನ್‌ಸ್ಪೆಕ್ಟರು ಡಬ್ಬಿ ಬೋರಲು ಹಾಕಿ ತೋರಿಸಿದರಂತೆ. ಪುಡಿ ಮುಗಿದಿತ್ತು.

ತಾತ ಇದನ್ನು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ನಗುತ್ತಾ ಹೇಳುತ್ತಿದ್ದ. ಆ ನಗು ನನಗೆ ಇವತ್ತಿಗೂ ಅರ್ಥವಾಗಿಲ್ಲ.

*

ಕಾಲೇಜಿನ ಲೈಬ್ರರಿಯಲ್ಲಿ ನನಗೆ ಲಂಡನ್ನಿನ ಒಂದು ಕತೆ ಸಿಕ್ಕಿತು. 1854ರಲ್ಲಿ ಅಲ್ಲಿನ ಸೋಹೋ ಎಂಬ ಇಕ್ಕಟ್ಟಾದ ಪೇಟೆಯಲ್ಲಿ ಕಾಲರಾ ಬಿದ್ದು ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ಕೆಟ್ಟ ವಾಸನೆಯಿಂದ, ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲ ಅದು. ಜಾನ್ ಸ್ನೋ ಎಂಬ ಡಾಕ್ಟರು ಅದನ್ನು ನಂಬಲಿಲ್ಲ. ಸತ್ತವರ ಮನೆಮನೆಗೆ ಹೋದ. ಅವನು ಕೇಳಿದ್ದು ಒಂದೇ ಪ್ರಶ್ನೆ: ನೀವು ನೀರು ಎಲ್ಲಿಂದ ತರ್ತೀರಿ?

ಸತ್ತವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಒಂದೇ ಪಂಪಿನ ನೀರು ಕುಡಿದಿದ್ದರು. ಪಕ್ಕದಲ್ಲೇ ಬಡವರನ್ನು ಇಟ್ಟು ದುಡಿಸುವ ಒಂದು ದೊಡ್ಡ ಆಶ್ರಮವಿತ್ತು. ಅಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಯಾಕೆಂದರೆ ಅವರಿಗೆ ಬೇರೆ ಬಾವಿ ಇತ್ತು. ಸ್ನೋ ಈ ಲೆಕ್ಕವನ್ನು ಆ ವಾರ್ಡಿನ ಆಡಳಿತ ಮಂಡಳಿಯ ಮುಂದೆ ಇಟ್ಟ. ಮಾರನೇ ದಿನ, 1854ರ ಸೆಪ್ಟೆಂಬರ್ 8ರಂದು, ಮಂಡಳಿಯವರು ಆ ಪಂಪಿನ ಹಿಡಿಕೆ ಕಿತ್ತು ಹಾಕಿದರು. ಅಷ್ಟು ಹೊತ್ತಿಗೆ ಜನ ಊರು ಬಿಟ್ಟು ಓಡಿ ಸಾವು ಇಳಿಯುತ್ತಿತ್ತು ಎಂಬುದೂ ನಿಜ. ಆಮೇಲೆ ನೋಡಿದರೆ ಆ ಬಾವಿಯ ಪಕ್ಕದಲ್ಲೇ ಒಂದು ಮನೆಯ ಮಲದ ಗುಂಡಿ ಇತ್ತು. ಅದರ ಗೋಡೆ ಶಿಥಿಲವಾಗಿ ಹೊಲಸು ಬಾವಿಗೆ ಇಳಿಯುತ್ತಿತ್ತು. ಮೂವತ್ತು ವರ್ಷದ ನಂತರ, 1884ರಲ್ಲಿ, ರಾಬರ್ಟ್ ಕಾಕ್ ಎಂಬ ಜರ್ಮನಿಯ ವಿಜ್ಞಾನಿ ಕಲ್ಕತ್ತೆಗೆ ಬಂದು ಜನ ಬಳಸುತ್ತಿದ್ದ ಕೆರೆಯ ನೀರಿನಲ್ಲೇ ಕಾಲರಾ ಕ್ರಿಮಿಯನ್ನು ತೋರಿಸಿದ.

ಅಲ್ಲಿ ಬೇರೆ ಬಾವಿ ಇದ್ದದ್ದರಿಂದ ಬಡವರು ಉಳಿದರು. ಇಲ್ಲಿ ಬೇರೆ ಬಾವಿಗೆ ತಳ್ಳಿದ್ದರಿಂದ ನಮ್ಮವರು ಸತ್ತರು. ಹಾಗಾದರೆ ಬಾವಿ ಬೇರೆಯೋ ಒಂದೋ ಎಂಬುದು ರೋಗಕ್ಕೆ ಮುಖ್ಯವಲ್ಲ. ಆ ಬಾವಿಯನ್ನು ಯಾರು ನೋಡಿಕೊಳ್ಳುತ್ತಾರೆ, ಯಾರೂ ನೋಡಿಕೊಳ್ಳುವುದಿಲ್ಲವೋ ಎಂಬುದು ಮುಖ್ಯ.

ನೀರಿನ ಇನ್ನೊಂದು ಕತೆ ನಮಗೆಲ್ಲ ಗೊತ್ತು. ಮಹಾಡಿನ ಚೌದಾರ್ ಕೆರೆಯನ್ನು ಎಲ್ಲರಿಗೂ ತೆರೆಯುತ್ತೇವೆಂದು ಅಲ್ಲಿನ ಪುರಸಭೆ 1924ರಲ್ಲಿ ಠರಾವು ಮಾಡಿತ್ತು. ಠರಾವು ಫೈಲಿನಲ್ಲಿತ್ತು. ಕೆರೆ ಸವರ್ಣೀಯರ ಕೈಯಲ್ಲಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಊರಿನವರು ಕೆರೆಯನ್ನು ಶುದ್ಧ ಮಾಡಿದರಲ್ಲ, ಏನು ಹಾಕಿ ಮಾಡಿದರು? 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು! ಮನುಷ್ಯ ಮುಟ್ಟಿದ ನೀರು ಮೈಲಿಗೆ, ಸಗಣಿ ಬಿದ್ದ ನೀರು ಮಡಿ. ಒಬ್ಬ ಹೆಲ್ತ್ ಇನ್‌ಸ್ಪೆಕ್ಟರು ಅವತ್ತು ಅಲ್ಲಿ ಇದ್ದಿದ್ದರೆ ಯಾವ ನೀರನ್ನು ಕುಡಿಯಬೇಡಿ ಎಂದು ಬೋರ್ಡು ಹಾಕುತ್ತಿದ್ದ? ಅದೇ ವರ್ಷ ಪುರಸಭೆ ತನ್ನ ಠರಾವನ್ನೂ ಹಿಂತೆಗೆದುಕೊಂಡಿತು. ಕೋರ್ಟಿನ ಜಗಳ ಮುಗಿಯಲು 1937 ಬರಬೇಕಾಯಿತು.

ಈ ಎರಡು ಕತೆಗಳನ್ನು ನಾನು ಬೇರೆ ಬೇರೆಯಾಗಿ ಓದಿದ್ದೆ. ಒಂದನ್ನು ವಿಜ್ಞಾನ ಅಂತ, ಇನ್ನೊಂದನ್ನು ಹೋರಾಟ ಅಂತ. ಎರಡೂ ಒಂದೇ ಎಂದು ಗೊತ್ತಾದದ್ದು ನಮ್ಮ ಕೇರಿಯಲ್ಲಿ, 2018ರ ಮುಂಗಾರಿನಲ್ಲಿ.

*

ಅವತ್ತು ರಾತ್ರಿ ನಮ್ಮಜ್ಜಿಗೆ ಭೇದಿ ಶುರುವಾಯಿತು. ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. "ಏನೋ ತಿಂದವಳೆ, ಹೊಟ್ಟೆ ಕೆಟ್ಟೈತೆ" ಅಂದರು. ಸರಿರಾತ್ರಿಯ ಹೊತ್ತಿಗೆ ವಾಂತಿಯೂ ಸೇರಿಕೊಂಡಿತು. ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿತ್ತು. ಅಜ್ಜಿ ನೀರು ನೀರು ಅಂದಳು. ಅವ್ವ ಚೊಂಬಿನಲ್ಲಿ ನೀರು ಕುಡಿಸಿದಳು. ಅದೇ ನೀರು! ಕೋಳಿ ಕೂಗುವ ಹೊತ್ತಿಗೆ ಅಜ್ಜಿಯ ಕಣ್ಣು ಗುಳಿ ಬಿದ್ದವು. ಕೈಯ ಚರ್ಮ ಎಳೆದರೆ ಎಳೆದಲ್ಲೇ ನಿಂತಿತು. ಬೆಳಕು ಹರಿಯುವ ಮೊದಲೇ ಹೋಗಿಬಿಟ್ಟಳು.

ನಮ್ಮ ಚಿಕ್ಕವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಆಶಾ ಕಾರ್ಯಕರ್ತೆ. ಅಜ್ಜಿ ಅವಳಿಗೆ ಅತ್ತೆ. ಹೆಣ ಅಂಗಳದಲ್ಲಿ ಇರುವಾಗಲೇ ಮೂರನೇ ಮನೆಯಲ್ಲಿ ಒಂದು ಮಗುವಿಗೆ ಭೇದಿ ಅಂತ ಸುದ್ದಿ ಬಂತು. ಆಮೇಲೆ ಹಿಂದಿನ ಸಾಲಿನಲ್ಲಿ ಇಬ್ಬರಿಗೆ. ಚಿಕ್ಕವ್ವ ಅಳುವುದನ್ನು ನಿಲ್ಲಿಸಿ ಎದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಕ್ಕೆ ಹೋಗಿ ಓಆರ್‌ಎಸ್ ಪೊಟ್ಟಣಗಳ ಚೀಲ ತಂದಳು.

"ನೀರು ಕಾಯಿಸ್ರವ್ವ, ಮೊದ್ಲು ನೀರು ಕಾಯಿಸ್ರಿ. ಅತ್ತೆ ಹೋದ್ಲು. ಉಳಿದೋರನ್ನಾದ್ರೂ ಉಳಿಸ್ಕಳಾನ."

ಮನೆಮನೆಗೆ ಹೋದಳು. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣ. ಪೊಟ್ಟಣ ಮುಗಿದ ಮನೆಗಳಲ್ಲಿ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಬೇಕು, ವಾಂತಿ ಮಾಡಿದರೂ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಬೇಕು. ಈ ಉಪ್ಪು ಸಕ್ಕರೆಯ ನೀರಿಗೂ ಒಂದು ಚರಿತ್ರೆ ಇದೆ. 1971ರಲ್ಲಿ ಬಾಂಗ್ಲಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಬಿದ್ದಾಗ, ಡ್ರಿಪ್ ಬಾಟಲಿಗಳು ಮುಗಿದಾಗ, ದಿಲೀಪ್ ಮಹಾಲನೋಬಿಸ್ ಎಂಬ ಡಾಕ್ಟರು ಬನಗಾಂವ್‌ನಲ್ಲಿ ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ರೋಗಿಗಳ ಕಡೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತು ಸಾಯುತ್ತಿದ್ದ ಕಡೆ ಸಾವು ನೂರಕ್ಕೆ ನಾಲ್ಕರ ಒಳಕ್ಕೆ ಇಳಿಯಿತು. ಅಜ್ಜಿಯ ಮನೆಯಲ್ಲಿ ಉಪ್ಪೂ ಇತ್ತು, ಸಕ್ಕರೆಯೂ ಇತ್ತು. ರಾತ್ರಿ ನಮಗೆ ತೋಚಲಿಲ್ಲ.

ಚಿಕ್ಕವ್ವ ಎಂಟು ಗಂಟೆಗೆ ಸಿಸ್ಟರಿಗೆ ಫೋನು ಮಾಡಿದಳು. ಸಿಸ್ಟರು ಡಾಕ್ಟರಿಗೆ, ಡಾಕ್ಟರು ತಾಲ್ಲೂಕು ಆರೋಗ್ಯಾಧಿಕಾರಿಗೆ. ಹನ್ನೊಂದು ಗಂಟೆಗೆ ಜೀಪು ಬಂತು. ನಾನು ಇದನ್ನು ಬರೆಯಲೇಬೇಕು. ಬಂಡಾಯದ ಹೆಸರಿನಲ್ಲಿ ಸುಳ್ಳು ಬರೆಯಬಾರದು. ಜೀಪು ಬಂತು. ಕೇರಿಯ ಅಂಗನವಾಡಿಯಲ್ಲಿ ಚಾಪೆ ಹಾಸಿದರು, ಗೋಡೆಯ ಮೊಳೆಗಳಿಗೆ ಡ್ರಿಪ್ ಬಾಟಲಿ ತೂಗುಹಾಕಿದರು. ಹೆಚ್ಚು ಸುಸ್ತಾದವರನ್ನು 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ಆರು ದಿನ ಹಗಲು ರಾತ್ರಿ ಸಿಸ್ಟರು ಅಲ್ಲೇ ಇದ್ದರು, ನಮ್ಮ ಮನೆಯ ಮುದ್ದೆ ಉಂಡರು. 41 ಜನ ಮಲಗಿದ್ದರು. 41 ಜನರೂ ಎದ್ದರು.

ಈ ಇಲಾಖೆ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ತಿಳಿದದ್ದು ಆ ಆರು ದಿನಗಳಲ್ಲಿ. ಆರೋಗ್ಯ ಇಲಾಖೆಯ ಕಣ್ಣು ಎಂದರೆ ಲೆಕ್ಕ. ಯಾವ ಹಳ್ಳಿಯಲ್ಲಿ ಎಷ್ಟು ಜ್ವರ, ಎಷ್ಟು ಭೇದಿ ಅಂತ ಕೆಳಗಿನ ಸಿಬ್ಬಂದಿ ಆಗ ವಾರ ವಾರ ಫಾರಂ ತುಂಬಬೇಕಿತ್ತು. ದೇಶದಲ್ಲಿ ಈ ಏರ್ಪಾಡು ಶುರುವಾದದ್ದು 2004ರಲ್ಲಿ. ಹಳ್ಳಿಯ ಸಿಬ್ಬಂದಿಗೆ ಒಂದು ಫಾರಂ, ಡಾಕ್ಟರಿಗೆ ಒಂದು, ಲ್ಯಾಬಿಗೆ ಒಂದು. ಒಂದು ಕಡೆ ಲೆಕ್ಕ ಎಂದಿಗಿಂತ ಹೆಚ್ಚಾದರೆ ಮೇಲಿನವರಿಗೆ ಗೊತ್ತಾಗಬೇಕು. ಗೊತ್ತಾದರೆ ತಂಡ ಬರುತ್ತದೆ, ಮಲದ ಮಾದರಿ ಲ್ಯಾಬಿಗೆ ಹೋಗುತ್ತದೆ, ನೀರಿನ ಪರೀಕ್ಷೆಯಾಗುತ್ತದೆ. ಸಿಡುಬನ್ನು ಈ ದೇಶದಿಂದ ಓಡಿಸಿದ್ದೂ ಹೀಗೆಯೇ. ಎಲ್ಲರಿಗೂ ದೇವಿ ಹಾಕಿದ್ದರಿಂದ ಮಾತ್ರವಲ್ಲ. 1974, 75ರಲ್ಲಿ ಸಿಬ್ಬಂದಿ ಸಿಡುಬಾದ ಮಗುವಿನ ಚಿತ್ರದ ಕಾರ್ಡು ಹಿಡಿದು ಸಂತೆ, ಶಾಲೆ, ಮನೆ ಮನೆ ಸುತ್ತಿ "ಇಂಥದ್ದು ಎಲ್ಲಾದರೂ ಕಂಡಿರಾ?" ಅಂತ ಕೇಳಿದ್ದರಿಂದ. ಹುಡುಕಿದವರಿಗೆ ರೋಗ ಸಿಕ್ಕಿತು. ಸಿಕ್ಕಿದ್ದರಿಂದ ಅದರ ಸುತ್ತ ಬೇಲಿ ಹಾಕಲು ಸಾಧ್ಯವಾಯಿತು.

ಲೆಕ್ಕಕ್ಕೆ ಬಂದ ರೋಗವನ್ನು ತಡೆಯಬಹುದು. ಲೆಕ್ಕಕ್ಕೆ ಬಾರದ ಜನರ ರೋಗವನ್ನು ಯಾರು ತಡೆಯುತ್ತಾರೆ?

ವಾರದ ಮೇಲೆ ವರದಿ ಬಂತು. ಪೀಡಿತರು 41. ಸಾವು ಇಲ್ಲ.

"ಅಜ್ಜಿ?" ಅಂದೆ.

"ವಯಸ್ಸಾಗಿತ್ತಲ್ಲಪ್ಪ" ಅಂದರು. ಮರಣದ ರಿಜಿಸ್ಟರಿನಲ್ಲಿ ವಯೋಸಹಜ ಎಂದು ಬರೆದಿತ್ತು. ಅಜ್ಜಿಯ ಮಲದ ಮಾದರಿ ಯಾರೂ ತೆಗೆದಿರಲಿಲ್ಲ, ತಂಡ ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಅವರ ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯಿರಬಹುದು. ಆದರೆ ಚಿಕ್ಕವ್ವನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ಕು ಇದೆ. ಅದರಲ್ಲಿ ಅವಳ ಸೊಟ್ಟ ಅಕ್ಷರದಲ್ಲಿ 42 ಹೆಸರುಗಳಿವೆ. ಮೊದಲ ಹೆಸರು ಅಜ್ಜಿಯದು. ತಾತ ಬಾಯಲ್ಲಿ ಹೇಳಿ ಪಟೇಲರು ಬರೆಯಲಿ ಎಂದು ಕಾಯುತ್ತಿದ್ದ. ಚಿಕ್ಕವ್ವ ತಾನೇ ಬರೆದಿದ್ದಾಳೆ.

*

ಇನ್ನು ನೀರಿನ ವಿಷಯ.

ಎರಡನೇ ದಿನ ಹೆಲ್ತ್ ಇನ್‌ಸ್ಪೆಕ್ಟರು ನೀರು ಪರೀಕ್ಷೆ ಮಾಡಿದರು. ಊರ ನಡುವೆ ಇರುವ ಓವರ್‌ಹೆಡ್ ಟ್ಯಾಂಕಿನ ಬುಡದ ನಲ್ಲಿಯಿಂದ ನೀರು ಹಿಡಿದು ಎರಡು ಹನಿ ಔಷಧಿ ಹಾಕಿದರು. ನೀರು ಹಳದಿಯಾಯಿತು. ಹಳದಿ ಅಂದರೆ ಕ್ಲೋರಿನ್ ಇದೆ, ನೀರು ಸರಿ ಇದೆ. ಪಂಚಾಯ್ತಿಯವರು ಅಲ್ಲೇ ನಿಂತಿದ್ದರು. "ನೋಡಿ ಸಾರ್, ನಮ್ ನೀರಲ್ಲೇನಿಲ್ಲ. ಅವರ ಕೇರೀಲಿ ಸೊಚ್ಚತೆ ಇಲ್ಲ, ಸಿಕ್ಕಿದ್ ತಿಂತಾರೆ" ಅಂದರು.

ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ, ಗೆಳೆಯರೇ! ರೋಗ ಬಂದರೆ ನಮ್ಮ ಊಟದಿಂದ, ನಮ್ಮ ಮೈಯಿಂದ, ನಮ್ಮ ಜಾತಿಯಿಂದ. ನೂರ ಎಪ್ಪತ್ತು ವರ್ಷದ ಹಿಂದೆ ಲಂಡನ್ನಿನಲ್ಲಿ ಬಡವರ ವಾಸನೆಯೇ ಕಾಲರಾ ತರುತ್ತದೆ ಎಂದ ದೊಡ್ಡವರಿಗೂ ಇವರಿಗೂ ಏನು ವ್ಯತ್ಯಾಸ?

ನಾನು ಬಾಯಿ ಬಿಡುವ ಮೊದಲೇ ಚಿಕ್ಕವ್ವ ಹೇಳಿದಳು: "ಸಾರ್, ನಾವು ಕುಡಿಯೋದು ಈ ನಲ್ಲೀಲಲ್ಲ. ನಮ್ ಕೇರಿ ಕೊನೇ ನಲ್ಲಿ ನೋಡಿ ಬನ್ನಿ."

ಇನ್‌ಸ್ಪೆಕ್ಟರು ಒಂದು ಕ್ಷಣ ಅವಳ ಮುಖ ನೋಡಿದರು. ತಾತನ ಕಾಲದ ಇನ್‌ಸ್ಪೆಕ್ಟರಂತೆ ಡಬ್ಬಿ ಬೋರಲು ಹಾಕಿ ತೋರಿಸಬಹುದಿತ್ತು. ಹಾಗೆ ಮಾಡಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ನಡೆದರು. ನಮ್ಮ ಕೊನೇ ನಲ್ಲಿ ಎಂದರೆ ಚರಂಡಿಯ ಪಕ್ಕದ ಒಂದು ಗುಂಡಿ. ನೀರಿನ ಒತ್ತಡ ಸಾಲದೆ ಜನ ಪೈಪನ್ನು ನೆಲಮಟ್ಟಕ್ಕಿಂತ ಕೆಳಕ್ಕೆ ಕುಯ್ದು ಗುಂಡಿ ತೋಡಿ ಬಿಂದಿಗೆ ಇಡುತ್ತಾರೆ. ಅಲ್ಲಿಂದ ನೀರು ಹಿಡಿದು ಅದೇ ಎರಡು ಹನಿ ಹಾಕಿದರು. ನೀರು ಹಳದಿಯಾಗಲಿಲ್ಲ. ಹಾಗೇ ಇತ್ತು.

ಆಮೇಲೆ ಒಂದು ಪುಟ್ಟ ಸೀಸೆ ತೆಗೆದರು. ಅದರಲ್ಲಿ ಔಷಧಿ ಹಚ್ಚಿದ ಕಾಗದದ ಪಟ್ಟಿ ಇರುತ್ತದೆ. ನೀರು ತುಂಬಿ ಮುಚ್ಚಿ ಬೆಚ್ಚಗಿನ ಕಡೆ ಒಂದು ದಿನ, ಎರಡು ದಿನ ಇಡಬೇಕು. ನೀರಿಗೆ ಮಲ ಸೇರಿದ್ದರೆ ಸೀಸೆ ಕಪ್ಪಾಗುತ್ತದೆ. ಟ್ಯಾಂಕಿನದೊಂದು ಸೀಸೆ, ಕೇರಿಯದೊಂದು ಸೀಸೆ. ಕೇರಿಯ ಸೀಸೆಯ ಮೇಲೆ "ಎ.ಕೆ. ಕಾಲೋನಿ, ಕೊನೆಯ ನಲ್ಲಿ" ಎಂದು ಬರೆದು ಚೀಟಿ ಅಂಟಿಸಿದರು. ನಮ್ಮ ಜಾತಿಯ ಹೆಸರನ್ನು ಎಷ್ಟೋ ಕಾಗದಗಳ ಮೇಲೆ ನೋಡಿ ಮೈ ಉರಿದಿದೆ ನನಗೆ. ಅವತ್ತು ಮಾತ್ರ ಆ ಚೀಟಿ ಬೇಕಾಗಿತ್ತು. ಅದಿಲ್ಲದಿದ್ದರೆ ನಮ್ಮ ನೀರು ಊರ ನೀರಿನ ಹೆಸರಿನಲ್ಲಿ ಶುದ್ಧವಾಗಿಬಿಡುತ್ತಿತ್ತು.

ಸೀಸೆಗಳನ್ನು ಅಂಗನವಾಡಿಯ ಕಿಟಕಿಯ ಮೇಲಿಟ್ಟರು. ಮಾರನೇ ಬೆಳಗ್ಗೆ ನೋಡಿದರೆ ಟ್ಯಾಂಕಿನ ಸೀಸೆ ಹಾಗೇ ಇತ್ತು. ನಮ್ಮದು ಇದ್ದಿಲಿನಂತೆ ಕಪ್ಪಾಗಿತ್ತು. ಕೇರಿಯ ಮಕ್ಕಳೆಲ್ಲ ಸಾಲಾಗಿ ಬಂದು ನೋಡಿದರು. ಅಪ್ಪನೂ ಬಂದ. ಬಹಳ ಹೊತ್ತು ನೋಡಿ, "ಇದುನ್ನೇನ್ಲಾ ನಾವ್ ಕುಡೀತಿದ್ದುದ್ದು?" ಅಂದ. ಅಷ್ಟೇ ಅಂದದ್ದು.

ನೆಲ ಅಗೆದು ನೋಡಿದರು. ಊರಿಂದ ಕೇರಿಗೆ ಬರುವ ಪೈಪು ಎಂಬತ್ತು ಮಾರು ಚರಂಡಿಯ ಒಳಗೇ ಬರುತ್ತದೆ. ಎರಡು ಕಡೆ ಪೈಪು ಒಡೆದಿತ್ತು. ಒಂದು ಕಡೆ ಸೈಕಲ್ ಟ್ಯೂಬು ಸುತ್ತಿ ಬಿಟ್ಟಿದ್ದರು. ನೀರು ಬಿಟ್ಟಾಗ ಒಳಗಿನದು ಹೊರಕ್ಕೆ ಸೋರುತ್ತದೆ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗಿ ಹೊರಗಿನ ಚರಂಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಾರನೇ ಬೆಳಗ್ಗೆ ಮೊದಲ ಬಿಂದಿಗೆಯಲ್ಲಿ ಬರುವುದು ಅದೇ. ಟ್ಯಾಂಕಿಗೆ ಹಾಕಿದ ಕ್ಲೋರಿನ್ನೆಲ್ಲ ಆ ಹೊಲಸಿನ ಜೊತೆ ಗುದ್ದಾಡಿ ದಾರಿಯಲ್ಲೇ ಮುಗಿದುಹೋಗುತ್ತದೆ. ತಾತನ ಕಾಲದಲ್ಲಿ ಪುಡಿ ಊರ ಬಾವಿಯಲ್ಲಿ ಮುಗಿದಿತ್ತು. ನಮ್ಮ ಕಾಲದಲ್ಲಿ ಪೈಪಿನಲ್ಲಿ ಮುಗಿಯುತ್ತಿದೆ.

ಆ ಚರಂಡಿ ಎಲ್ಲಿಂದ ಬರುತ್ತದೆ? ಊರಿಂದ ಬರುತ್ತದೆ. ನಮ್ಮೂರಲ್ಲಿ ಇಳಿಜಾರು ಇರುವುದು ಕೇರಿಯ ಕಡೆಗೆ. ಎಲ್ಲ ಊರುಗಳಲ್ಲೂ ಕೇರಿ ಇಳಿಜಾರಿನಲ್ಲೇ ಯಾಕಿದೆ ಎಂದು ಯಾವ ಭೂಗೋಳದ ಪುಸ್ತಕದಲ್ಲೂ ಬರೆದಿಲ್ಲ.

*

ಪೈಪು ಗೊತ್ತಾಯಿತು, ಇನ್ನೇನು ಸರಿಹೋಯಿತು ಎಂದುಕೊಂಡೆವು. ಆಗ ಗೊತ್ತಾಯಿತು ಇಲಾಖೆಯ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು. ಆರೋಗ್ಯ ಇಲಾಖೆ ನೀರು ಪರೀಕ್ಷೆ ಮಾಡಬಹುದು, ಈ ನೀರು ಕುಡಿಯಬೇಡಿ ಎಂದು ಕೆಂಪು ಬಣ್ಣದಲ್ಲಿ ಬರೆಯಬಹುದು, ಪಂಚಾಯ್ತಿಗೆ ಪತ್ರ ಹಾಕಬಹುದು. ಪೈಪು ಬದಲಾಯಿಸಲಾರದು. ಪೈಪು ಪಂಚಾಯ್ತಿಯದು. ದುಡ್ಡು ಇನ್ನೊಂದು ಇಲಾಖೆಯದು. ಚರಂಡಿ ಮತ್ತೊಂದು ಲೆಕ್ಕಶೀರ್ಷಿಕೆಯದು. ಜ್ವರ ಮಾತ್ರ ನಮ್ಮದು!

ಇನ್‌ಸ್ಪೆಕ್ಟರು ಪತ್ರ ಬರೆದು ಅದರ ಒಂದು ನಕಲನ್ನು ಚಿಕ್ಕವ್ವನ ಕೈಗೆ ಕೊಟ್ಟರು. "ಇದನ್ನ ಇಟ್ಕೊಳ್ಳಮ್ಮ, ಬೇಕಾಗ್ತದೆ" ಅಂದರು. ಅವರ ಜಾತಿ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಆ ನಕಲು ಹಿಡಿದು ನಾನು ಅರ್ಜಿ ಬರೆದೆ. ಪದ್ಯ ಬರೆಯುವ ಕೈಯಲ್ಲಿ ಬರೆದ ಮೊದಲ ಅರ್ಜಿ. ಕೇರಿಯ ಮನೆಗೊಬ್ಬರಂತೆ ಹೆಬ್ಬೆಟ್ಟು ಒತ್ತಿದರು. ಪಂಚಾಯ್ತಿ ಅಧ್ಯಕ್ಷರು "ಆಕ್ಷನ್ ಪ್ಲಾನಿಗೆ ಸೇರಿಸ್ತೀವಿ" ಅಂದರು. ಮೂರು ಸಲ ಹೋದೆವು. ನಾಲ್ಕನೇ ಸಲ ಗ್ರಾಮಸಭೆ ದಿನ ಅಪ್ಪ ಯಾರನ್ನೂ ಕೇಳದೆ ತಮಟೆ ಬಿಸಿ ಮಾಡಿಕೊಂಡ. ಯಾರ ಹಬ್ಬವೂ ಇರಲಿಲ್ಲ, ಯಾರ ಹೆಣವೂ ಬಿದ್ದಿರಲಿಲ್ಲ. ಸರ್ಕಾರದ ಮಾತನ್ನು ಊರಿಗೆ ಸಾರಿದವನು ಅವತ್ತು ಕೇರಿಯ ಮಾತನ್ನು ಸರ್ಕಾರಕ್ಕೆ ಸಾರಿದ.

"ಕೇಳ್ರಪ್ಪೋ ಕೇಳ್ರೀ... ನಮ್ ಕೇರಿ ನೀರಲ್ಲಿ ಹೇಲು ಐತಂತೆ... ಆಸ್ಪತ್ರೆಯೋರೇ ಬರೆದುಕೊಟ್ಟವ್ರೆ..."

ಕೆಲವರು ನಕ್ಕರು. ಕೆಲವರು ತಲೆ ತಗ್ಗಿಸಿದರು. ಚಿಕ್ಕವ್ವ ಎದ್ದು ನಿಂತು ಇನ್‌ಸ್ಪೆಕ್ಟರ ಪತ್ರವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಪೈಪು ಚರಂಡಿ ಬಿಟ್ಟು ಮೇಲಕ್ಕೆ ಬರಲು ಅಲ್ಲಿಂದ ಐದು ತಿಂಗಳಾಯಿತು. ಬಂತು.

*

ಇದನ್ನೆಲ್ಲ ಮುಗಿದ ಕತೆ ಎಂದು ಹೇಳುತ್ತಿಲ್ಲ. 2020ರಲ್ಲಿ ಕೊರೊನಾ ಬಂದಾಗ ಊರಿನವರು ಕೇರಿಯ ದಾರಿಗೆ ಜಾಲಿ ಮುಳ್ಳು ಎಳೆದರು. ಅಂತರ ಕಾಯ್ದುಕೊಳ್ಳಿ ಎಂದು ರೇಡಿಯೋ ಹೇಳುವಾಗ ಅಪ್ಪ "ನಮ್ಗೇನ್ ಹೊಸ್ದಾ" ಅಂದ. ಅದೇ ಮುಳ್ಳು ದಾಟಿಕೊಂಡು ಚಿಕ್ಕವ್ವ ದಿನವೂ ಊರೊಳಗೆ ಮನೆಮನೆಗೆ ಹೋಗಿ ಯಾರಿಗೆ ಜ್ವರ, ಯಾರು ಬೆಂಗಳೂರಿಂದ ಬಂದರು ಅಂತ ಬರೆದುಕೊಂಡು ಬಂದಳು. ಒಂದು ಮನೆಯವರು ಬೈದರು, ಇನ್ನೊಂದು ಮನೆಯವರು ಬಾಗಿಲು ಹಾಕಿಕೊಂಡರು. ಅವಳಿಗೆ ಕೊಟ್ಟದ್ದು ಒಂದು ಬಟ್ಟೆಯ ಮಾಸ್ಕು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಹೆಂಗಸರು ತಿಂಗಳ ಗೌರವಧನ ಖಚಿತ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತರು. ಚಿಕ್ಕವ್ವನೂ ಹೋಗಿದ್ದಳು. ಇವರನ್ನು ಸರ್ಕಾರ ನೌಕರರು ಎನ್ನುವುದಿಲ್ಲ, ಸ್ವಯಂಸೇವಕಿಯರು ಎನ್ನುತ್ತದೆ. ತೋಟಿಯ ಸೊಸೆಯ ಕೆಲಸಕ್ಕೂ ಸಂಬಳವೆಂಬ ಹೆಸರಿಲ್ಲ.

ನೀರಿನಿಂದ ಸಾಯುವುದೂ ನಿಂತಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸತ್ತರು. 2022ರ ಡಿಸೆಂಬರಿನಲ್ಲಿ ತಮಿಳುನಾಡಿನ ವೇಂಗೈವಯಲ್ ಎಂಬಲ್ಲಿ ದಲಿತರ ಮಕ್ಕಳಿಗೆ ಕಾಯಿಲೆಯಾಯಿತು. ಡಾಕ್ಟರು ನೀರು ನೋಡಿ ಎಂದರು. ಟ್ಯಾಂಕು ಹತ್ತಿ ನೋಡಿದರೆ ಒಳಗೆ ಮನುಷ್ಯರ ಮಲ ತೇಲುತ್ತಿತ್ತು. ನೀರು ನೋಡಿ ಎಂದು ಹೇಳುವ ಒಬ್ಬ ಡಾಕ್ಟರು ಎಷ್ಟು ದೊಡ್ಡ ಕೆಲಸ ಮಾಡುತ್ತಾನೆ ಎಂದು ಅಲ್ಲಿ ಗೊತ್ತಾಗುತ್ತದೆ. ನೀರು ಯಾಕೆ ಹಾಗಾಯಿತು ಎಂಬುದಕ್ಕೆ ಮಾತ್ರ ಯಾವ ಆಸ್ಪತ್ರೆಯಲ್ಲೂ ಔಷಧಿ ಇಲ್ಲ. ಅದು ನಮ್ಮ ಕೆಲಸ.

ಹಾಗಾಗಿ ಇದನ್ನು ಓದುವ ಮೇಷ್ಟರುಗಳಲ್ಲಿ, ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೇಳಿಕೆ. ಆರೋಗ್ಯ ಇಲಾಖೆಯನ್ನು ಬೈದು ಸುಮ್ಮನಾಗಬೇಡಿ. ಅದು ನಮ್ಮ ದುಡ್ಡಿನ ಇಲಾಖೆ, ನಮಗೆ ಬೇಕಾದ ಇಲಾಖೆ. ಖಾಸಗಿ ಆಸ್ಪತ್ರೆ ಅಂಗನವಾಡಿಯ ಗೋಡೆಗೆ ಡ್ರಿಪ್ ಬಾಟಲಿ ತೂಗುಹಾಕಲು ಬರುವುದಿಲ್ಲ. ಆದರೆ ಅದರ ಕಣ್ಣು ಊರ ನಡುವಿನ ಟ್ಯಾಂಕಿನ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಕೈಹಿಡಿದು ಕರೆದುಕೊಂಡು ಬನ್ನಿ. ನಿಮ್ಮ ಊರಿನ ಕೇರಿಯ ಕೊನೇ ನಲ್ಲಿ ಯಾವುದು ಎಂದು ಮೊದಲು ನೀವೇ ಹೋಗಿ ನೋಡಿ. ಸೀಸೆ ಅಲ್ಲಿ ತುಂಬಿಸಿ. ಚೀಟಿಯ ಮೇಲೆ ಕೊನೆಯ ನಲ್ಲಿ ಎಂದು ಬರೆಸಿ. ವರದಿಯ ನಕಲು ಕೇಳಿ ಇಸಿದುಕೊಳ್ಳಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಸತ್ತವರ ಹೆಸರನ್ನು ನೀವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಚಿಕ್ಕವ್ವ ಈಗ ತಿಂಗಳಿಗೊಂದು ಸಲ ಸಿಸ್ಟರಿಂದ ಸೀಸೆ ಕೇಳಿ ತರುತ್ತಾಳೆ. ಕೇರಿಯ ಮಕ್ಕಳೇ ನೀರು ತುಂಬಿ ನಮ್ಮ ಮನೆಯ ಕಿಟಕಿಯ ಮೇಲೆ ಇಡುತ್ತಾರೆ. ಅಪ್ಪ ಬೆಳಗ್ಗೆ ಎದ್ದವನೇ ಮೊದಲು ಅದನ್ನು ನೋಡುತ್ತಾನೆ. ಕಪ್ಪಾಗಿಲ್ಲದಿದ್ದರೆ ಬೀಡಿ ಹಚ್ಚುತ್ತಾನೆ. ಹೋದ ಮಳೆಗಾಲದಲ್ಲಿ ಒಂದು ಸಲ ಕಪ್ಪಾಯಿತು. ಅಪ್ಪ ಬೀಡಿ ಹಚ್ಚಲಿಲ್ಲ. ಮೂಲೆಯ ಗೂಟದಿಂದ ತಮಟೆ ತೆಗೆದುಕೊಂಡ.